ರಾಣಿಗೆ ಜಾಮೀನು, ರಾಜನಿಗೆ ಪೆರೋಲು

ನಮ್ಮ ಮನೆಯ ಪಟ್ಟದ ರಾಣಿ ಮೂರು ದಸರಾ ಜಾಮೀನಿನ ಮೇಲೆ ಕೂತಿದ್ದಳು. ಹೀಗೆಂದರೆ ಜನ ನಗುತ್ತಾರೆ. ನಗಲಿ. ಆ ಜಾಮೀನಿಗೆ ಸಹಿ ಹಾಕಿದವಳು ನಾನು. ಕೋರ್ಟು ಕರೆದಾಗಲೆಲ್ಲ ವಾಶಿಯ ಆಫೀಸಿಗೆ ಅರ್ಧ ದಿನ ರಜೆ ಹಾಕಿ, ಅವಳನ್ನು ಟವೆಲಿನಲ್ಲಿ ಸುತ್ತಿ, ಮಗುವಿನಂತೆ ಎದೆಗವಚಿಕೊಂಡು ಹೋದವಳೂ ನಾನೇ.

ಮೈಸೂರು ಕಡೆಯವರಿಗೆ ಪಟ್ಟದ ಗೊಂಬೆ ಅಂದರೆ ಏನೆಂದು ಹೇಳಬೇಕಿಲ್ಲ. ಉಳಿದವರಿಗೆ ಹೇಳುತ್ತೇನೆ. ಮದುವೆಯಲ್ಲಿ ತವರಿನವರು ಹೆಣ್ಣಿಗೆ ಮರದ ರಾಜ ರಾಣಿಯರ ಒಂದು ಜೋಡಿ ಕೊಡುತ್ತಾರೆ. ದಸರಾದ ಮೊದಲ ದಿನ ಅವರಿಬ್ಬರಿಗೂ ಹೊಸ ಬಟ್ಟೆ ಉಡಿಸಿ ಮೇಲಿನ ಮೆಟ್ಟಿಲಲ್ಲಿ ಕೂರಿಸಬೇಕು. ಮಿಕ್ಕ ಗೊಂಬೆಗಳೆಲ್ಲ, ಮಣ್ಣಿನ ಶೆಟ್ಟರು, ಸಿಪಾಯಿ, ಕ್ರಿಕೆಟ್ ಆಡುವವರು, ಎಲ್ಲರೂ ಅವರ ಕೆಳಗೆ. ವಿಜಯದಶಮಿಯ ಸಂಜೆ ಇಬ್ಬರನ್ನೂ ಮಲಗಿಸಿದರೆ ಹಬ್ಬ ಮುಗಿಯಿತು. ನಮ್ಮ ಮನೆಯ ಜೋಡಿ ನನ್ನ ಅತ್ತೆಯದು. ಅವರ ಅಮ್ಮ ಧಾರೆಯ ದಿನ ಕೊಟ್ಟದ್ದು. ಮೈಸೂರಿನಿಂದ ಡೊಂಬಿವಲಿಗೆ ಬರುವಾಗ ಅತ್ತೆ ಕಪಾಟು, ಮಂಚ, ಒರಳು ಎಲ್ಲ ಬಿಟ್ಟು ಬಂದರು. ಈ ಜೋಡಿಯನ್ನು ಮಾತ್ರ ಸೂಟ್‌ಕೇಸಿನಲ್ಲಿಟ್ಟು ರೈಲಿನುದ್ದಕ್ಕೂ ಕಾಲ ಕೆಳಗಿಟ್ಟುಕೊಂಡು ಬಂದರು.

ಆ ಸೂಟ್‌ಕೇಸಿಗೆ ಬೀಗ ಹಾಕಿಟ್ಟದ್ದೇ ಎಡವಟ್ಟಾಯಿತು. ನಾವೆಲ್ಲ ಬೇಸಿಗೆ ರಜೆಗೆ ಊರಿಗೆ ಹೋದಾಗ ಮನೆಗೆ ಕಳ್ಳರು ನುಗ್ಗಿದರು. ಬಂಗಾರ ಅಕ್ಕಿ ಡಬ್ಬದಲ್ಲಿತ್ತು, ಅದರ ಮುಚ್ಚಳವನ್ನೂ ಅವರು ತೆಗೆದು ನೋಡಿರಲಿಲ್ಲ. ಇಡೀ ಮನೆಯಲ್ಲಿ ಬೀಗ ಬಿದ್ದಿದ್ದ ವಸ್ತು ಅದೊಂದೇ, ಜೊತೆಗೆ ಭಾರ ಬೇರೆ. ಇಸ್ತ್ರಿ ಪೆಟ್ಟಿಗೆ, ಕ್ಯಾಮೆರಾ ಮತ್ತು ಆ ಸೂಟ್‌ಕೇಸು ಹೋದವು.

ಇಬ್ಬರಲ್ಲಿ ಒಬ್ಬ ಕಳ್ಳ ಬೇಗನೆ ಕಲ್ಯಾಣ ಸ್ಟೇಷನ್ನಿನಲ್ಲಿ ಮಾಲಿನ ಸಮೇತ ಸಿಕ್ಕಿಬಿದ್ದ. ಗುರುತು ಹಿಡಿಯಲು ನಮ್ಮನ್ನು ಪೊಲೀಸ್ ಠಾಣೆಗೆ ಕರೆದರು. ಮೇಜಿನ ಮೇಲೆ ಇಸ್ತ್ರಿ ಪೆಟ್ಟಿಗೆಯ ಪಕ್ಕದಲ್ಲಿ ರಾಣಿ ಒಬ್ಬಳೇ ನಿಂತಿದ್ದಳು. ಕೊರಳಲ್ಲಿ ನಂಬರಿನ ಚೀಟಿ. ಅತ್ತೆ ಮೇಜಿನ ಕೆಳಗೆ ಬಗ್ಗಿ ನೋಡಿದರು. ಹವಾಲ್ದಾರ ಚಹಾ ಕುಡಿಯುತ್ತಾ, "ನವರಾ ಫರಾರ್ ಆಹೇ, ಆಜೀ" ಅಂದ. ಗಂಡ ಪರಾರಿಯಾಗಿದ್ದಾನೆ ಎಂದು. ತಮಾಷೆಗೆ ಹೇಳಿದ. ನಾನು ಅವನನ್ನು ನೋಡಿದ ರೀತಿಗೆ ಚಹಾ ಅಲ್ಲೇ ಬಿಟ್ಟು ಒಳಗೆ ಹೋದ.

ಸಿಕ್ಕವನು ಕೋರ್ಟಿನಲ್ಲಿ ತಪ್ಪೊಪ್ಪಿಕೊಂಡು ಜೈಲಿಗೆ ಹೋದ. ಆದರೆ ಜೊತೆಗಾರ ಸಿಕ್ಕಿರಲಿಲ್ಲವಾದ್ದರಿಂದ ಕೇಸಿನ ಅರ್ಧ ಭಾಗ ತೆರೆದೇ ಇತ್ತು. ಅದು ಮುಗಿಯುವ ತನಕ ರಾಣಿ ನಮ್ಮವಳಲ್ಲ, ಸಾಕ್ಷ್ಯ. ಕರೆದಾಗ ಹಾಜರುಪಡಿಸಬೇಕು, ಅವಳ ಸ್ವರೂಪದಲ್ಲಿ ಯಾವ ಬದಲಾವಣೆಯನ್ನೂ ಮಾಡಕೂಡದು ಎಂಬ ಷರತ್ತಿನ ಮೇಲೆ ಮನೆಗೆ ಕಳಿಸಿದರು. ಅಂದರೆ ಆ ದಸರಾಕ್ಕೆ ಹೊಸ ಸೀರೆ ಇಲ್ಲ. ಕೊರಳ ಚೀಟಿ ಬಿಚ್ಚುವಂತಿಲ್ಲ. ಅತ್ತೆ ಚೀಟಿ ಮುಚ್ಚುವಷ್ಟು ದಪ್ಪನೆಯ ಮಲ್ಲಿಗೆ ಹಾರ ಹಾಕಿ, ಹಣೆಗೆ ಕುಂಕುಮವಿಟ್ಟರು.

ಆ ಕುಂಕುಮದ ಮೇಲೆಯೇ ಮೊದಲ ರಾದ್ಧಾಂತ. ಆರತಿಗೆ ಬಂದ ನಮ್ಮ ಬಿಲ್ಡಿಂಗಿನ ಹಿರಿಯ ಹೆಂಗಸೊಬ್ಬರು, ಅವರೂ ಮೈಸೂರಿನವರೇ, ಮೆಲ್ಲಗೆ ಕೇಳಿದರು: "ಅಲ್ರೀ, ರಾಜ ಇಲ್ಲದ ಮೇಲೆ ರಾಣಿಗೆ ಕುಂಕುಮ ಇಡಬಹುದಾ?"

ಕೇಳಿದ್ದು ಗೊಂಬೆಯ ವಿಷಯ. ಆದರೆ ಅತ್ತೆಯ ಬರಿ ಹಣೆ ಎಲ್ಲರೆದುರಿಗೇ ಇತ್ತು. ಮಾವನವರು ಹೋಗಿ ಆಗ ನಾಲ್ಕು ವರ್ಷ. ನನಗೆ ಆ ಹೆಂಗಸನ್ನು ಕೋಸಂಬರಿಯ ಬಟ್ಟಲಿನ ಸಮೇತ ಲಿಫ್ಟಿಗೆ ತಳ್ಳಬೇಕೆನ್ನಿಸಿತು. ಅತ್ತೆ ಮಾತ್ರ ಹೂವು ಸರಿಮಾಡುತ್ತಾ, "ರಾಜ ಸವಾರಿ ಹೋಗಿದ್ದಾರೆ. ಬರ್ತಾರೆ" ಅಂದುಬಿಟ್ಟರು.

ಮುಂದಿನ ದಸರಾದಲ್ಲೂ ರಾಜ ಸವಾರಿಯಲ್ಲೇ ಇದ್ದ. ಅತ್ತೆ ಅಳುವವರಲ್ಲ; ಮಾವನವರು ಹೋದ ದಿನವೂ ಬಂದವರಿಗೆಲ್ಲ ಕಾಫಿ ಆಯಿತೇ ಎಂದು ವಿಚಾರಿಸುತ್ತಿದ್ದರು. ಆದರೆ ಆ ಎರಡನೇ ವರ್ಷ ಗೊಂಬೆ ಎತ್ತಿಡುವಾಗ ನನ್ನ ಕಡೆ ತಿರುಗದೆಯೇ ಹೇಳಿದರು: "ಇರೋದು, ಹೋಗಿದ್ದು, ಎರಡರಲ್ಲೊಂದು ಗೊತ್ತಾಗ್ಬೇಕು ಕಣೇ. ಇಲ್ಲದಿದ್ರೆ ಮುಂದಿನ ವರ್ಷದಿಂದ ಗೊಂಬೆ ಕೂರಿಸೋದು ಬೇಡ. ಇವಳನ್ನ ಹೀಗೆ ಒಬ್ಬಳನ್ನೇ ಎಲ್ಲರೆದುರಿಗೆ ಕೂರಿಸೋಕೆ ನನ್ನ ಕೈಲಾಗಲ್ಲ."

ಮರುವರ್ಷ ಮಳೆಗಾಲದಲ್ಲಿ ಒಬ್ಬ ಮೇಡಂ ಮನೆಗೆ ಬಂದರು. ಮರಾಠಿಯವರು, ಖಾದಿ ಸೀರೆ, ಬಟ್ಟೆಯ ಚೀಲ, ಬಹಳ ಮೆದು ದನಿ. ಅವರ ಸಂಸ್ಥೆ ಜೈಲಿನಲ್ಲಿ ಒಂದು ಕಾರ್ಯಕ್ರಮ ನಡೆಸುತ್ತಿತ್ತಂತೆ. ಕದ್ದವನನ್ನೂ ಕಳೆದುಕೊಂಡವರನ್ನೂ ಎದುರುಬದುರು ಕೂರಿಸಿ ಮಾತಾಡಿಸುವುದು. ಶಿಕ್ಷೆಯಿಂದ ಆಗದ ದುರಸ್ತಿ ಮಾತಿನಿಂದ ಆಗುತ್ತದೆ ಎಂದರು. ನನಗೆ ಉರಿದುಹೋಯಿತು. ಮನೆ ದೋಚಿಸಿಕೊಂಡವರು ನಾವು, ಈಗ ಜೈಲಿಗೆ ಹೋಗಬೇಕಾದವರೂ ನಾವಂತೆ!

ನನ್ನ ಗಂಡ ಪೇಪರಿನಿಂದ ತಲೆ ಎತ್ತದೆ, "ಹೋಗ್ಬನ್ನಿ, ಅಮ್ಮನಿಗೂ ಒಂದು ಔಟಿಂಗ್ ಆಗುತ್ತೆ" ಎಂದರು.

ಅತ್ತೆ ಕೇಳಿದ್ದು ಒಂದೇ ಮಾತು. "ನಾನು ಏನು ಬೇಕಾದ್ರೂ ಕೇಳಬಹುದಾ ಅಂತ ಕೇಳೇ." ಮೇಡಂ ಹೂಂ ಅಂದರು. "ಹಾಗಾದ್ರೆ ನಡಿ."

ಹೊರಡುವ ದಿನ ನೋಡುತ್ತೇನೆ, ಅತ್ತೆಯ ಚೀಲದಲ್ಲಿ ತೆಂಗಿನಕಾಯಿ, ಬಾಳೆಹಣ್ಣು, ವೀಳ್ಯದೆಲೆ.

"ಅತ್ತೆ, ಕಳ್ಳನಿಗೆ ಫಲತಾಂಬೂಲನಾ?"

"ಅವನಿಗಲ್ಲ. ಯಾರ ಮನೆಗೂ ಬರಿಗೈಲಿ ಹೋಗಬಾರದು."

"ಅದು ಜೈಲು!"

"ಅವನಿರೋ ಮನೆ ತಾನೇ?"

ಜೈಲಿನ ಬಾಗಿಲಲ್ಲಿ ಮಹಿಳಾ ಪೇದೆಯೊಬ್ಬಳು ನಮ್ಮನ್ನು ತಡವಿ ನೋಡಿ, ತೆಂಗಿನಕಾಯಿಯನ್ನು ಕಿವಿಗೆ ಹಿಡಿದು ಅಲ್ಲಾಡಿಸಿದಳು. ಒಳಗೆ ನೀರು ಕುಲುಕಿತು. ಆಕೆ ಅನುಮಾನದಿಂದ ಇನ್ನೊಬ್ಬಳಿಗೆ ಕೊಟ್ಟಳು, ಆಕೆಯೂ ಅಲ್ಲಾಡಿಸಿದಳು. ಕಡೆಗೆ ಹಿರಿಯ ಅಧಿಕಾರಿಯೊಬ್ಬರು ಬಂದು, ಎಸೆದರೆ ತಲೆ ಒಡೆಯಬಹುದಾದ ವಸ್ತು ಎಂದು ತೀರ್ಮಾನ ಕೊಟ್ಟರು. "ಬೇಕಾದ್ರೆ ಇಲ್ಲೇ ಒಡೆದು ಕೊಡ್ತೀನಿ ಅಂತ ಹೇಳು" ಎಂದರು ಅತ್ತೆ. ನಾನು ಅದನ್ನು ಹಿಂದಿಗೆ ತಿರುಗಿಸಲಿಲ್ಲ. ನನ್ನ ಮೊಬೈಲು ಮತ್ತು ಅತ್ತೆಯ ತೆಂಗಿನಕಾಯಿ ಎರಡಕ್ಕೂ ಸೇರಿಸಿ ಒಂದು ಹಿತ್ತಾಳೆಯ ಟೋಕನ್ ಕೊಟ್ಟರು.

ಒಳಗೆ ಒಂದು ಕೋಣೆಯಲ್ಲಿ ಪ್ಲಾಸ್ಟಿಕ್ ಕುರ್ಚಿಗಳನ್ನು ವೃತ್ತವಾಗಿ ಇಟ್ಟಿದ್ದರು. ವೃತ್ತಕ್ಕೆ ಜನ ಸಾಲದೆ ಅರ್ಧ ಖಾಲಿಯಿತ್ತು. ನಮ್ಮೆದುರು ಕೂತವನು ನನಗಿಂತ ಚಿಕ್ಕವನು, ಸಣಕಲು. ಇವನು ನಮ್ಮ ಬಾಗಿಲು ಮುರಿದನೇ ಎಂದು ನನಗೆ ಬಾಗಿಲ ಮೇಲೆಯೇ ಸಿಟ್ಟು ಬಂತು. ಮೇಡಂ ಚೀಲದಿಂದ ಹಳದಿ ಬಣ್ಣದ ಸಣ್ಣ ಕರಡಿ ಬೊಂಬೆಯೊಂದನ್ನು ತೆಗೆದರು. ನಿಯಮ ಹೀಗೆ: ಕರಡಿ ಯಾರ ಕೈಯಲ್ಲಿರುತ್ತದೋ ಅವರು ಮಾತ್ರ ಮಾತಾಡಬೇಕು, ಉಳಿದವರು ಕೇಳಬೇಕು. ಮಾತು ಮುಗಿದ ಮೇಲೆ ಕರಡಿಯನ್ನು ದಾಟಿಸಬೇಕು. ಮೊದಲು ಅತ್ತೆಯ ಕೈಗೆ ಕೊಟ್ಟು, ಆ ಕಳ್ಳತನದಿಂದ ನಿಮ್ಮ ಮನಸ್ಸಿಗೆ ಏನಾಯಿತು ಹೇಳಿ ಎಂದರು.

ಅತ್ತೆ ತಮ್ಮ ಮದುವೆಯಿಂದ ಶುರು ಮಾಡಿದರು. ಗೊಂಬೆ ಕೆತ್ತಿದವನ ಬೀದಿ, ತಮ್ಮ ತಾಯಿ ಅದಕ್ಕೆ ಹೊಲಿದ ಜರತಾರಿ ಪಂಚೆ, ಮಾವನವರು ಪ್ರತಿ ವರ್ಷವೂ ರಾಜನ ಮೀಸೆಗೆ ತಾವೇ ಕಪ್ಪು ಬಳಿಯುತ್ತಿದ್ದದ್ದು, ಮೊದಲ ವರ್ಷ ಬಳಿಯುವಾಗ ಕೈತಪ್ಪಿ ತಮ್ಮ ಮೂಗಿಗೂ ಬಳಿದುಕೊಂಡದ್ದು. ಇದನ್ನೆಲ್ಲ ಹಿಂದಿಗೆ ತರುವ ತ್ರಾಣ ನನಗಿರಲಿಲ್ಲ. "ಇನ್‌ಕೋ ಬಹುತ್ ದುಖ್ ಹುವಾ" ಎಂದೆ. ಇವರಿಗೆ ಬಹಳ ದುಃಖವಾಯಿತು, ಅಷ್ಟೇ. ಮೇಡಂ ತಲೆದೂಗಿದರು.

ಅತ್ತೆ ಮುಂದಕ್ಕೆ ಬಾಗಿ ಕೇಳಿದರು: "ನಮ್ಮ ರಾಜ ಎಲ್ಲಿ?"

ಅವನು ಬಾಯಿ ತೆರೆದ. ಮೇಡಂ ಕೈ ಅಡ್ಡ ಹಿಡಿದು, ಕರಡಿ ಅವನ ಹತ್ತಿರ ಇಲ್ಲ, ಮೊದಲು ಕರಡಿ ಕೊಡಿ ಎಂದರು. ನಾನು ಅತ್ತೆಗೆ ಹೇಳಿದೆ. ಅತ್ತೆ ಕರಡಿಯನ್ನು ಸೆರಗಿನೊಳಗೆ ಸೇರಿಸಿಕೊಂಡರು.

"ಕೊಡಲ್ಲ. ನನ್ನ ಕೈಲಿರೋ ಇನ್ನೊಂದು ಗೊಂಬೆ ಇವನ ಕೈಗೆ ಹೋಗಲ್ಲ."

"ಅದು ನಮ್ಮದಲ್ಲ ಅತ್ತೆ, ಮೇಡಮ್ಮಿಂದು."

"ಯಾರದ್ದೇ ಆಗ್ಲಿ. ಹೋಗಿದ್ದು ಬರಲಿ ಮೊದ್ಲು."

ಅತ್ತೆಗೆ ಉತ್ತರ ಬೇಕು. ಅವನಿಗೆ ಉತ್ತರ ಗೊತ್ತು. ಆದರೆ ಕರಡಿ ಅತ್ತೆಯ ಸೆರಗಿನಲ್ಲಿದೆ, ಕರಡಿಯಿಲ್ಲದೆ ಅವನು ಮಾತಾಡುವಂತಿಲ್ಲ. ಮೇಡಂ ಅವರ ತರಬೇತಿಯಲ್ಲಿ ಇದಕ್ಕೆ ಪರಿಹಾರ ಹೇಳಿಕೊಟ್ಟಂತಿರಲಿಲ್ಲ. ಅವರು ಮೆದುವಾಗಿ ಕೈಚಾಚುವುದು, ಅತ್ತೆ ಸೆರಗು ಬಿಗಿ ಮಾಡುವುದು, ಹೀಗೆ ಸ್ವಲ್ಪ ಹೊತ್ತು ನಡೆಯಿತು.

ಆಗ ಆ ಸಣಕಲ ಬಾಯಿಬಿಟ್ಟ, ಅದೂ ಕನ್ನಡದಲ್ಲಿ. "ಅಮ್ಮಾ, ಕರಡಿ ನೀವೇ ಇಟ್ಕೊಳ್ಳಿ. ನಾನು ಹೇಳ್ತೇನೆ. ನೀವು ಹೇಳಿದ್ರಲ್ಲಿ ಅರ್ಧವೂ ಈ ಅಕ್ಕ ಅವರಿಗೆ ಹೇಳ್ಲಿಲ್ಲ ಮಾರಾಯ್ರೆ."

ಕುರ್ಚಿ ಸಮೇತ ಭೂಮಿಗಿಳಿದಂತಾಯಿತು ನನಗೆ. ಅವನ ಊರು ಇಲ್ಲಿಯದೇ. ಆದರೆ ಕಲ್ಯಾಣದಲ್ಲಿ ಉಡುಪಿಯವರೊಬ್ಬರ ಹೋಟೆಲಿನಲ್ಲಿ ಬಹಳ ವರ್ಷ ಬಡಿಸುವ ಕೆಲಸ ಮಾಡಿದ್ದನಂತೆ. ಹೋಟೆಲು ಮುಚ್ಚಿದ ಮೇಲೆ ಈ ಕಸುಬು.

ಅತ್ತೆಯ ಮುಖ ಅರಳಿತು. "ಅಯ್ಯೋ, ಕನ್ನಡ ಬರುತ್ತೇನಪ್ಪಾ! ನನ್ನ ಮೊಮ್ಮಗಳಿಗಿಂತ ಚೆನ್ನಾಗಿ ಆಡ್ತೀಯ. ಅವಳು ಏನು ಕೇಳಿದ್ರೂ ಹಿಂದೀಲೇ ಹೇಳ್ತಾಳೆ." ಆಮೇಲೆ ಜ್ಞಾಪಕ ಬಂದು ಹುಬ್ಬು ಗಂಟಿಕ್ಕಿದರು. "ಅಲ್ಲಯ್ಯಾ, ಕನ್ನಡ ಬರೋನು ಕನ್ನಡದವರ ಮನೇನೇ ಕದಿಯೋದಾ?"

"ಬಾಗಿಲ ಮೇಲೆ ಹೆಸರು ಇಂಗ್ಲಿಷಲ್ಲಿ ಇತ್ತು ಅಮ್ಮ. ಗೊತ್ತಾಗ್ಲಿಲ್ಲ" ಎಂದು ಅವನು ತಲೆ ತಗ್ಗಿಸಿದ.

ಅತ್ತೆ ನನ್ನನ್ನು ನೋಡಿದರು. ಆ ಫಲಕ ಮಾಡಿಸಿದವಳು ನಾನು. ಕದ್ದವನು ಅಲ್ಲಿ ಕೂತಿದ್ದಾನೆ, ಬೈಗುಳದ ನೋಟ ನನಗೆ!

ಮೇಡಂಗೆ ಕನ್ನಡದ ಗಂಧವೂ ಇರಲಿಲ್ಲ. ಅವನು ಅವರ ಕಡೆ ಒಮ್ಮೆ ನೋಡಿ ದನಿ ತಗ್ಗಿಸಿದ. ರಾಜ ಕಲ್ಯಾಣದಾಚೆಯ ಟಿಟ್ವಾಳಾದಲ್ಲಿ ಅವನ ಮನೆಯಲ್ಲೇ ಇದ್ದ. ಕದ್ದ ದಿನ ಸೂಟ್‌ಕೇಸಿನೊಂದಿಗೆ ಮನೆಗೆ ಹೋದಾಗ ಪುಟ್ಟ ಮಗಳು ಆ ಮೀಸೆಯ ಗೊಂಬೆಯನ್ನು ಎಳೆದುಕೊಂಡಳು, ಬಿಡಲಿಲ್ಲ. ಉಳಿದದ್ದನ್ನು ಮಾರಲು ಹೊರಟವನು ಸ್ಟೇಷನ್ನಿನಲ್ಲಿ ಸಿಕ್ಕಿಬಿದ್ದ. ಪೊಲೀಸರು ಮನೆ ಜಾಲಾಡಿದಾಗ ಮಗು ಗೊಂಬೆಯನ್ನು ಅವಚಿಕೊಂಡೇ ನಿಂತಿತ್ತು. ಮಗುವಿನ ಕೈಯಲ್ಲಿರುವ ಗೊಂಬೆಯ ಮೇಲೆ ಯಾರಿಗೆ ಅನುಮಾನ?

"ಇದನ್ನು ಮಾತ್ರ ಯಾರಿಗೂ ಹೇಳ್ಬೇಡಿ ಅಮ್ಮ. ಕದ್ದ ಮಾಲು ಇಟ್ಕೊಂಡಿದ್ದು ಅಂತ ಹೆಂಡ್ತಿಯನ್ನು ಎಳೀತಾರೆ. ನಿಮ್ಮ ರಾಜನನ್ನೂ ಚೀಟಿ ಕಟ್ಟಿ ಕಪಾಟಲ್ಲಿ ಹಾಕ್ತಾರೆ. ನಾನೇ ಪೆರೋಲ್ ಸಿಕ್ಕಿದ್ರೆ ಹೋಗಿ ತಂದು ಕೊಡುವ ಅಂತ ಅರ್ಜಿ ಹಾಕಿದ್ದೆ. ಸಿಗ್ಲಿಲ್ಲ."

ಹೇಳುತ್ತಾ ಅವನ ಕಣ್ಣಿನಲ್ಲಿ ನೀರು ಬಂತು. ಮೇಡಂ ನನ್ನ ಕೈ ಹಿಡಿದು ಪಿಸುಗುಟ್ಟಿದರು, ಏನು ಹೇಳುತ್ತಿದ್ದಾನೆ?

"ಕ್ಷಮೆ ಕೇಳುತ್ತಿದ್ದಾನೆ" ಎಂದೆ.

ಮೇಡಂ ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. ಇದೇ ಆ ಕ್ಷಣ, ಇದಕ್ಕಾಗಿಯೇ ನಾವು ದುಡಿಯುವುದು ಎಂದರು. ಪಾಪ, ನಿಜಕ್ಕೂ ಒಳ್ಳೆಯ ಹೆಂಗಸು. ಕರಡಿಯನ್ನು ಅತ್ತೆಯ ಸೆರಗಿನಿಂದ ಬಿಡಿಸಿ ಅವರಿಗೆ ಒಪ್ಪಿಸಿದೆ. ಎದ್ದು ಹೊರಡುವಾಗ ಅತ್ತೆ ಅಭ್ಯಾಸಬಲದಿಂದ, "ಬರ್ತೀನಪ್ಪಾ" ಎಂದರು. ಅವನೂ ಅಭ್ಯಾಸಬಲದಿಂದ, "ಬನ್ನಿ ಅಮ್ಮ" ಎಂದ. ಬಾಗಿಲಲ್ಲಿ ಟೋಕನ್ ಕೊಟ್ಟಾಗ ತೆಂಗಿನಕಾಯಿ ಮರಳಿ ಬಂತು. ತಂದದ್ದನ್ನು ಮನೆಗೆ ಒಯ್ಯಬಾರದೆಂದು ಅತ್ತೆ ಅದನ್ನು ಅಲ್ಲಾಡಿಸಿದ ಪೇದೆಯ ಮಡಿಲಿಗೇ ಹಾಕಿದರು.

ಮುಂದಿನ ಭಾನುವಾರ ಟಿಟ್ವಾಳಾಕ್ಕೆ ಹೊರಟೆವು. ಬಿಲ್ಡಿಂಗಿನವರಿಗೆ ಗಣಪತಿ ದರ್ಶನ ಎಂದು ಹೇಳಿದ್ದರಿಂದ, ಸುಳ್ಳಾಗಬಾರದೆಂದು ಅತ್ತೆ ಮೊದಲು ಗುಡಿಗೇ ಕರೆದೊಯ್ದರು. ಆಮೇಲೆ ಕೇಳುತ್ತಾ ಹೋಗಿ ಅವನ ಮನೆ ಹುಡುಕಿದೆವು. ಒಂದೇ ಕೋಣೆ. ನಾವು ಯಾರೆಂದು ತಿಳಿದ ಕೂಡಲೇ ಅವನ ಹೆಂಡತಿಯ ಮುಖ ಬಿಳಿಚಿಕೊಂಡಿತು. ಹೆದರಬೇಡ, ಗೊಂಬೆ ನೋಡಲು ಬಂದೆವು ಎಂದು ನಾನು ಹೇಳುವಷ್ಟರಲ್ಲಿ ಅತ್ತೆ ಮೂಲೆಯತ್ತ ನೋಡುತ್ತಾ ನಿಂತುಬಿಟ್ಟಿದ್ದರು.

ಮೂಲೆಯಲ್ಲಿ ತರಕಾರಿ ಇಡುವ ಪ್ಲಾಸ್ಟಿಕ್ ಜಾಲರಿ ಬುಟ್ಟಿಯೊಂದನ್ನು ಬೋರಲು ಹಾಕಿ, ಅದರ ಮೇಲೆ ಒಂದು ಕಲ್ಲು ಹೇರಲಾಗಿತ್ತು. ಬುಟ್ಟಿಯೊಳಗೆ ನಮ್ಮ ರಾಜ. ಎದುರಿಗೆ ಒಂದು ಬಿಸ್ಕತ್ತು. ಕಾವಲಿಗೆ ಐದು ವರ್ಷದ ಒಂದು ಹೆಣ್ಣುಮಗು.

"ಹಾ ಪೋಲಿಸ್ ಆಹೇ" ಎಂದಿತು ಮಗು. ಇವನು ಪೊಲೀಸ್. ಮೀಸೆ ಇದೆ, ಪೇಟ ಇದೆ, ಇನ್ನೇನು ಬೇಕು? ಇವನ ಕಡೆಯವರು ಬಂದು ಪಪ್ಪನನ್ನು ಹಿಡಿದುಕೊಂಡು ಹೋದರು, ಅದಕ್ಕೆ ತಾನು ಇವನನ್ನು ಹಿಡಿದಿಟ್ಟಿದ್ದೇನೆ. ಅವರು ಪಪ್ಪನನ್ನು ಬಿಟ್ಟ ದಿನ ತಾನೂ ಇವನನ್ನು ಬಿಡುತ್ತೇನೆ. ಇಷ್ಟನ್ನೂ ಮರಾಠಿಯಲ್ಲಿ ಸ್ಪಷ್ಟವಾಗಿ, ಯಾವ ಗಲಾಟೆಯೂ ಇಲ್ಲದೆ ಹೇಳಿತು. ದಿನಕ್ಕೆ ಎರಡು ಬಿಸ್ಕತ್ತು ಕೊಡುತ್ತಾಳಂತೆ. ಜೈಲಿನಲ್ಲಿ ಪಪ್ಪನಿಗೂ ಊಟ ಕೊಡುತ್ತಾರೆ ಎಂದು ಅಮ್ಮ ಹೇಳಿದ್ದಳಂತೆ.

ತಾಯಿ ಗಾಬರಿಯಿಂದ ಬುಟ್ಟಿಗೆ ಕೈಹಾಕಿದಳು. ಮಗು ಚೀರಿತು. ಅತ್ತೆ ಆಕೆಯ ಕೈ ಹಿಡಿದು ನಿಲ್ಲಿಸಿ ನನಗೆ ಹೇಳಿದರು: "ಬೇಡ ಅಂತ ಹೇಳೇ. ಕಿತ್ಕೊಂಡು ಹೋಗೋಕೆ ಇವಳಪ್ಪನೇ ಇದ್ದ. ನಾವು ಯಾಕೆ ಬೇಕು?"

ಹಿಂದಿರುಗುವಾಗ ಲೋಕಲ್ ರೈಲಿನಲ್ಲಿ ನನ್ನ ತಲೆ ಕಾದ ಬಾಣಲೆ. ನಮ್ಮ ಗೊಂಬೆಯನ್ನು ನಾವು ತರಲು ಈ ಚೋಟುದ್ದ ಪೋರಿಯ ಅಪ್ಪಣೆ ಬೇಕೇ? ರಾಜ ಇರುವುದು ಗೊತ್ತಾಯಿತು, ಕಣ್ಣಾರೆ ನೋಡಿದ್ದೂ ಆಯಿತು, ಬರಿಗೈಯಲ್ಲಿ ವಾಪಸ್. ಅತ್ತೆ ಕಿಟಕಿಯ ಹೊರಗೆ ನೋಡುತ್ತಿದ್ದರು. ಕಲ್ಯಾಣ ದಾಟಿದ ಮೇಲೆ ಕೇಳಿದರು, "ಅವತ್ತು ಅವನು ಹೇಳಿದ್ನಲ್ಲ, ಪೆರೋಲ್ ಅಂತ. ಹಾಗಂದ್ರೆ ಏನೇ?"

ಸಿಡುಕುತ್ತಲೇ ಹೇಳಿದೆ. ಹಬ್ಬಕ್ಕೋ ಕಾಯಿಲೆಗೋ ಕೆಲವು ದಿನ ಕೈದಿಯನ್ನು ಮನೆಗೆ ಬಿಡುತ್ತಾರೆ, ಯಾರಾದರೂ ಜಾಮೀನು ನಿಲ್ಲಬೇಕು, ದಿನ ಮುಗಿದ ಮೇಲೆ ಅವನು ಮರಳಿ ಹೋಗಬೇಕು.

"ಓಹೋ" ಎಂದವರು ಡೊಂಬಿವಲಿ ಬರುವ ತನಕ ಬೆರಳು ಮಡಿಸಿ ದಸರಾಕ್ಕೆ ಉಳಿದ ದಿನ ಎಣಿಸುತ್ತಿದ್ದರು.

ದಸರಾಕ್ಕೆ ಮುಂಚಿನ ಭಾನುವಾರ ಅತ್ತೆ ಅಟ್ಟದ ಪೆಟ್ಟಿಗೆಯಿಂದ ಮಣ್ಣಿನ ಶೆಟ್ಟರನ್ನು ತೆಗೆದರು. ದೊಡ್ಡ ಹೊಟ್ಟೆ, ಮುಂದೆ ಬೇಳೆಕಾಳಿನ ಅಂಗಡಿ, ಮುಖದಲ್ಲಿ ಸಾಲ ಕೊಡದ ನಗು. ಶೆಟ್ಟರನ್ನು ಟಿಟ್ವಾಳಾಕ್ಕೆ ಒಯ್ದು ಮಗುವಿನ ಮುಂದೆ ಕೂರಿಸಿದರು. ನಾನು ಮರಾಠಿಯಲ್ಲಿ ಅರ್ಜಿ ಮಂಡಿಸಿದೆ. ಈ ಪೊಲೀಸಿಗೆ ಮನೆಯಲ್ಲಿ ಹೆಂಡತಿ ಇದ್ದಾಳೆ. ಹಬ್ಬ ಬಂದಿದೆ. ಹಬ್ಬ ಮುಗಿಯುವವರೆಗೆ ಪೆರೋಲ್ ಕೊಡು. ಅಷ್ಟು ದಿನ ಈ ಶೆಟ್ಟರು ಜಾಮೀನಾಗಿ ನಿನ್ನ ಬುಟ್ಟಿಯೊಳಗೆ ಇರುತ್ತಾರೆ. ಆಫೀಸಿನಲ್ಲಿ ಬ್ಯಾಂಕಿನವರಿಗೆ ಪ್ರಾಜೆಕ್ಟ್ ವಿವರಿಸುವಾಗಲೂ ನನ್ನ ದನಿ ಅಷ್ಟು ಗಂಭೀರವಾಗಿರಲಿಲ್ಲ.

ಮಗು ಶೆಟ್ಟರ ಸುತ್ತ ಒಂದು ಸುತ್ತು ಬಂದು ಕೇಳಿತು, "ಪಳೂನ್ ಗೇಲಾ ತರ್?" ಓಡಿಹೋದರೆ?

ಅತ್ತೆಗೆ ನಾನು ಅರ್ಥ ಹೇಳಬೇಕಾಗಲಿಲ್ಲ. ತಮ್ಮ ಹರುಕು ಹಿಂದಿಯಲ್ಲಿ ಅವರೇ ಹೇಳಿದರು: "ಮೈ ಲಾಯೇಗಾ. ಮೈ ಖುದ್ ಲಾಯೇಗಾ." ನಾನೇ ಖುದ್ದಾಗಿ ತರುತ್ತೇನೆ ಎಂದು.

ಮಗು ಕಲ್ಲು ತೆಗೆದು, ಬುಟ್ಟಿ ಎತ್ತಿ, ರಾಜನನ್ನು ಹೊರಗಿಟ್ಟು, ಶೆಟ್ಟರನ್ನು ಒಳಗೆ ತಳ್ಳಿತು. ಜೊತೆಗೆ ದಾರಿಗೆಂದು ಎರಡು ಬಿಸ್ಕತ್ತು ಕೊಟ್ಟಿತು.

ಈಗ ಕದ್ದ ಮಾಲನ್ನು ಗುಟ್ಟಾಗಿ ಸಾಗಿಸುತ್ತಿದ್ದವರು ಕಳೆದುಕೊಂಡ ನಾವೇ. ಕಲ್ಯಾಣದಲ್ಲಿ ಗಾಡಿ ಬದಲಿಸುವಾಗ ರೈಲ್ವೆ ಪೊಲೀಸರು ಚೀಲಗಳನ್ನು ತಪಾಸಣೆ ಮಾಡುತ್ತಿದ್ದರು. ನನ್ನ ಚೀಲದ ಜಿಪ್ಪು ಎಳೆದ ಪೇದೆಗೆ ಪೇಟ ತೊಟ್ಟ ತಲೆಯೊಂದು ಎದುರಾಯಿತು. ಅವನು ಚಪ್ಪಲಿ ಬಿಟ್ಟು, ಎರಡು ಕೈ ಜೋಡಿಸಿ, "ಕೋಣಚಾ ದೇವ್?" ಎಂದ. ಯಾವ ದೇವರು?

"ಮೈಸೂರು" ಎಂದರು ಅತ್ತೆ.

ಅವನು ಇನ್ನೊಮ್ಮೆ ನಮಸ್ಕಾರ ಮಾಡಿ ಜಿಪ್ಪು ಎಳೆದುಕೊಟ್ಟ.

ಮನೆಗೆ ಬಂದು ರಾಜನ ಬಟ್ಟೆ ಬಿಚ್ಚಿದರೆ ಎದೆಯ ಎರಡೂ ಕಡೆ ಬಾಲ್‌ಪೆನ್ನಿನಲ್ಲಿ ನಕ್ಷತ್ರಗಳು. ಮಗು ಇನ್‌ಸ್ಪೆಕ್ಟರ್ ಮಾಡಿಬಿಟ್ಟಿತ್ತು. ಒರೆಸಲು ನಾನು ಎಣ್ಣೆ ತಂದೆ, ಅತ್ತೆ ಬೇಡವೆಂದರು. ಮೀಸೆಗೆ ಮಾತ್ರ ತಾವೇ ಕಪ್ಪು ಬಳಿದರು. ಆ ದಸರಾದಲ್ಲಿ ಮೇಲಿನ ಮೆಟ್ಟಿಲ ಮೇಲೆ ಜಾಮೀನಿನ ರಾಣಿ, ಪೆರೋಲಿನ ರಾಜ, ಅಕ್ಕಪಕ್ಕ. ಕೆಳಗೆ ಶೆಟ್ಟರ ಅಂಗಡಿಯ ಜಾಗ ಖಾಲಿ.

ಆ ಹಿರಿಯ ಹೆಂಗಸು ಈ ಸಲವೂ ಬಂದರು. "ಸವಾರಿ ಮುಗೀತೇನ್ರೀ?"

"ಮುಗೀತು."

"ಎದೆ ಮೇಲೆ ಅದೇನ್ರೀ ನಕ್ಷತ್ರ?"

"ಬಡ್ತಿ ಸಿಕ್ಕಿದೆ" ಎಂದು ಅತ್ತೆ ಅವರ ಕೈಗೆ ಕೋಸಂಬರಿ ಕೊಟ್ಟರು.

ವಿಜಯದಶಮಿಯ ಸಂಜೆ ಇಬ್ಬರನ್ನೂ ಮಲಗಿಸಿದೆವು. ಮಾರನೆಯ ಬೆಳಿಗ್ಗೆ ಅತ್ತೆ ಸೀರೆ ಉಟ್ಟು, ರಾಜನನ್ನು ಚೀಲಕ್ಕೆ ಹಾಕಿ ಬಾಗಿಲಲ್ಲಿ ನಿಂತಿದ್ದರು. ನಾನು ಕೂಗಾಡಿದೆ. ನಮ್ಮ ವಸ್ತು ನಮ್ಮ ಕೈಗೆ ಬಂದಿದೆ. ಮಗುವಿಗೆ ಇನ್ನೊಂದು ಗೊಂಬೆ ಕೊಡಿಸೋಣ, ಬ್ಯಾಟರಿ ಹಾಕಿದರೆ ನಡೆಯುವಂಥ ಪೊಲೀಸನ್ನೇ ಕೊಡಿಸೋಣ. ಎಂದೂ ಪೇಪರಿನಿಂದ ತಲೆ ಎತ್ತದ ನನ್ನ ಗಂಡನೂ, "ಅಮ್ಮಾ, ಇವಳು ಹೇಳೋದು ಸರಿ" ಎಂದರು.

"ಶೆಟ್ರು ಅಲ್ಲಿ ಬುಟ್ಟಿ ಕೆಳಗೆ ಕೂತಿದ್ದಾರೆ" ಎಂದರು ಅತ್ತೆ. ಚಪ್ಪಲಿ ಮೆಟ್ಟಿಕೊಳ್ಳುತ್ತಾ, ನಮ್ಮಿಬ್ಬರ ಮುಖ ನೋಡದೆ ಮುಂದುವರಿಸಿದರು: "ಹಬ್ಬಕ್ಕೆ ಬಂದು ಕೂತು ಹೋದ್ರಲ್ಲ, ಸಾಕು ಕಣೇ. ನಿಮ್ಮ ಮಾವನವರನ್ನ ಅರ್ಧ ಗಂಟೆ ಬಿಡಿ ಅಂತ ನಾನು ಯಾರನ್ನ ಕೇಳ್ಲಿ?"

ನಾನೂ ಚಪ್ಪಲಿ ಹಾಕಿಕೊಂಡು ಅವರ ಹಿಂದೆ ಹೊರಟೆ. ಟಿಟ್ವಾಳಾದಲ್ಲಿ ಅತ್ತೆ ತಮ್ಮ ಕೈಯಾರೆ ರಾಜನನ್ನು ಬುಟ್ಟಿಯೊಳಗಿಟ್ಟರು. ಮಗು ಮೇಲೆ ಕಲ್ಲಿಟ್ಟಿತು. ಶೆಟ್ಟರು ಬಿಡುಗಡೆಯಾದರು, ಒಂದು ಕಿವಿ ಮುಕ್ಕಾಗಿತ್ತು.

ಆ ಚಳಿಗಾಲದಲ್ಲಿ ಅತ್ತೆ ಹಟ ಹಿಡಿದು ಬಾಗಿಲ ಮೇಲೆ ಕನ್ನಡದಲ್ಲಿ ಹೆಸರು ಬರೆಸಿದರು. ಮುಂದಿನ ಕಳ್ಳನಿಗಾದರೂ ಗೊತ್ತಾಗಲಿ ಎಂಬುದು ಅವರ ವಾದ.

ಯುಗಾದಿ ಕಳೆದ ಮೇಲೆ ಒಂದು ಭಾನುವಾರ ವಾಚ್‌ಮನ್ ಇಂಟರ್‌ಕಾಮಿನಲ್ಲಿ, ಯಾರೋ ಬಂದಿದ್ದಾರೆ, ಜೊತೆಗೆ ಮಗು ಇದೆ ಎಂದ. ಬಾಗಿಲು ತೆಗೆದರೆ ಅವನು. ಶಿಕ್ಷೆ ಮುಗಿಸಿ ಬಂದಿದ್ದ. ಕಾಲೊರೆಸುವ ಚಾಪೆಯಾಚೆಯೇ ನಿಂತು, ಬಾಗಿಲ ಚೌಕಟ್ಟನ್ನು ನೋಡಿ ಕಣ್ಣು ಕೆಳಗಿಳಿಸಿದ. ಅತ್ತೆ ಹೆಮ್ಮೆಯಿಂದ ಫಲಕ ತೋರಿಸಿದರು. "ನೋಡು, ಕನ್ನಡದಲ್ಲಿ ಬರೆಸಿದ್ದೀನಿ."

"ನನಗೆ ಓದ್ಲಿಕ್ಕೆ ಬರುದಿಲ್ಲ ಅಮ್ಮ. ಮಾತಾಡ್ಲಿಕ್ಕೆ ಮಾತ್ರ."

ನಾನು ಬಾಯಿ ಬಿಡುವ ಮೊದಲೇ ಅತ್ತೆ ಜೋರಾಗಿ ನಕ್ಕರು. "ಒಳಗೆ ಬಾ. ಆವತ್ತು ಕರೀದೇ ಬಂದಿದ್ದೆ, ಈವತ್ತು ಕರೀತಿದ್ದೀನಿ."

ಅವನು ಒಳಗೆ ಬಂದು ಕುರ್ಚಿಯ ಅಂಚಿನಲ್ಲಿ ಕೂತ. ಮಗು ಕೂರಲಿಲ್ಲ. ಬುಟ್ಟಿಯ ಸಮೇತ ರಾಜನನ್ನು ಹೊತ್ತು ತಂದಿತ್ತು. ನಡುಮನೆಯಲ್ಲಿ ಬುಟ್ಟಿ ಎತ್ತಿ, ರಾಜನನ್ನು ಎರಡೂ ಕೈಯಲ್ಲಿ ಹಿಡಿದು ಅತ್ತೆಗೆ ಒಪ್ಪಿಸಿತು. "ಸೋಡ್ಲಾ" ಎಂದಿತು. ಬಿಟ್ಟಿದ್ದೇನೆ.

ನಾನು ಕೇಳಿದೆ, ಇನ್ನು ಮೇಲೆ ಆಟಕ್ಕೆ ನಿನಗೆ ಪೊಲೀಸ್ ಬೇಡವೇ?

"ಆತಾ ಕಶಾಲಾ? ಪಪ್ಪಾ ಆಲೇ ನಾ." ಈಗ ಯಾಕೆ, ಪಪ್ಪ ಬಂದರಲ್ಲ. ಅಷ್ಟು ಹೇಳಿ ಅಪ್ಪನ ತೊಡೆ ಹತ್ತಿ ಕೂತುಬಿಟ್ಟಿತು. ಬುಟ್ಟಿ ನಮ್ಮ ನಡುಮನೆಯಲ್ಲಿ ಖಾಲಿ ಬಿದ್ದಿತ್ತು.

ಅತ್ತೆ ಕಪಾಟು ತೆರೆದು, ಕೊರಳಲ್ಲಿ ಇನ್ನೂ ಚೀಟಿ ನೇತಾಡುತ್ತಿದ್ದ ರಾಣಿಯನ್ನು ತೆಗೆದು ಮೇಜಿನ ಮೇಲಿಟ್ಟರು. ಪಕ್ಕದಲ್ಲಿ ರಾಜನನ್ನು ನಿಲ್ಲಿಸಿದರು. "ಬಂದ್ರು ನೋಡಮ್ಮ" ಎಂದರು ರಾಣಿಗೆ. ಸ್ವಲ್ಪ ಹೊತ್ತು ಇಬ್ಬರನ್ನೂ ನೋಡುತ್ತಾ ನಿಂತರು. ಆಮೇಲೆ, ಚಟ್ನಿ ರುಬ್ಬಿ ಬರ್ತೀನಿ, ದೋಸೆ ತಿಂದೇ ಹೋಗ್ಬೇಕು ಎಂದು ಅಡುಗೆಮನೆಗೆ ಹೋದರು.

ಒಳಗೆ ಮಿಕ್ಸಿ ಓಡತೊಡಗಿತು. ನಿಲ್ಲಲೇ ಇಲ್ಲ. ಎದುರಿಗೆ ಕೂತವನು ಹೋಟೆಲಿನವನಲ್ಲವೇ, ಒಮ್ಮೆ ನನ್ನ ಮುಖ ನೋಡಿದ. ನಾನು ಎದ್ದು ಹೋಗಿ ಬಾಗಿಲಲ್ಲಿ ನಿಂತೆ. ಅತ್ತೆ ನನಗೆ ಬೆನ್ನು ಮಾಡಿ ಮುಚ್ಚಳವನ್ನು ಎರಡೂ ಕೈಯಲ್ಲಿ ಒತ್ತಿ ಹಿಡಿದಿದ್ದರು. ಜಾರಿನಲ್ಲಿ ಏನೂ ಇರಲಿಲ್ಲ.